ನೊರಜುಗಲ್ಲು, ಜೇಡಿ, ಸುಣ್ಣಕಲ್ಲು: ಬೋರ್ಡೋದ 2022ರ ಕೆಂಪು ವೈನ್ ರುಚಿ ನೋಡಿದ ವಾರ

ಫ್ರಾನ್ಸ್‌ನ ಬೋರ್ಡೋ ಸೀಮೆಯ 2022ರ ಕೆಂಪು ವೈನ್‌ಗಳಿಗೆ ವಿಮರ್ಶಕರು ಕೊಟ್ಟ ಅಂಕಗಳನ್ನು ಒಂದರ ಕೆಳಗೊಂದು ಬರೆದಿಟ್ಟುಕೊಂಡರೆ ಹೆಚ್ಚೇನೂ ತಿಳಿಯುವುದಿಲ್ಲ. ಹೆಸರುವಾಸಿ ತೋಟಗಳೆಲ್ಲ 94ರಿಂದ 100ರ ನಡುವೆಯೇ ಸುಳಿದಾಡುತ್ತವೆ. ಅಂಕದ ಪಕ್ಕದಲ್ಲಿರುವ ಎರಡು ಸಾಲು ಟಿಪ್ಪಣಿ ಓದಿ, ಆ ತೋಟದ ಬುಡದಲ್ಲಿ ಎಂಥ ಮಣ್ಣಿದೆ ಎಂದು ನೋಡಿದರೆ ಚಿತ್ರ ಬಿಡಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಳೆ ಕೈಕೊಟ್ಟ ಆ ವರ್ಷ ಬಳ್ಳಿಯ ಬಾಯಿಗೆ ನೀರು ಹಾಕಿದ್ದು ಮಣ್ಣು. ವೈನಿನ ಹಣೆಬರಹ ಬರೆದದ್ದೂ ಅದೇ.

ಇಲ್ಲಿನ ದಾರಿ 2023ರ ಏಪ್ರಿಲ್ ಕೊನೆಯ ವಾರದ್ದು. ಪ್ರತಿ ವಸಂತದಲ್ಲಿ ಜಗತ್ತಿನ ವೈನ್ ವ್ಯಾಪಾರಿಗಳು, ವಿಮರ್ಶಕರು ಬೋರ್ಡೋಗೆ ಬಂದಿಳಿಯುತ್ತಾರೆ. ಹಿಂದಿನ ಸೆಪ್ಟೆಂಬರ್‌ನಲ್ಲಿ ಕೊಯ್ದ ದ್ರಾಕ್ಷಿಯ ವೈನ್ ಆಗ 225 ಲೀಟರಿನ ಓಕ್ ಪೀಪಾಯಿಯಲ್ಲಿ ಅರ್ಧ ವರ್ಷವನ್ನಷ್ಟೇ ಕಳೆದಿರುತ್ತದೆ. ಇನ್ನೂ ಒಂದು ವರ್ಷ ಅಲ್ಲೇ ಇರಬೇಕು. ಆ ಸ್ಥಿತಿಯಲ್ಲೇ ರುಚಿ ನೋಡಿ, ಅಂಕ ಕೊಟ್ಟು, ಬೆಲೆ ಕಟ್ಟಿ, ದುಡ್ಡು ಪಡೆದು, ಬಾಟಲಿಯನ್ನು ಸುಮಾರು ಎರಡು ವರ್ಷ ಬಿಟ್ಟು ಕೊಡುವ ಪದ್ಧತಿಗೆ ಅಲ್ಲಿ ಆಂ ಪ್ರಿಮ್ಯೂರ್ ಎನ್ನುತ್ತಾರೆ.

ಮೊದಲ ದಿನ: ಬೋರ್ಡೋ ನಗರ

ಮೊದಲ ದಿನವೇ ತೋಟಗಳಿಗೆ ಓಡುವುದು ಬೇಡ. ಯೂನಿಯನ್ ದೆ ಗ್ರಾಂ ಕ್ರೂ ಎಂಬ ಸಂಘದ ಸುಮಾರು 130 ಶಾತೋಗಳ ವೈನ್‌ಗಳು ಈ ವಾರ ನಗರದಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಶಾತೋ ಎಂದರೆ ಅರಮನೆಯೇ ಇರಬೇಕೆಂದಿಲ್ಲ. ತೋಟ, ವೈನ್ ಮನೆ, ಹೆಸರು ಎಲ್ಲ ಸೇರಿ ಶಾತೋ. ಪತ್ರಕರ್ತರು ಕುಳಿತಲ್ಲಿಗೇ ಗ್ಲಾಸು ಬರುತ್ತದೆ. ಬಾಟಲಿಯ ಹೆಸರು ಮುಚ್ಚಿಯೂ ಕೇಳಬಹುದು, ತೆರೆದೂ ಕೇಳಬಹುದು. ಹೆಸರು ಮುಚ್ಚಿ ನೋಡುವುದೇ ನ್ಯಾಯ ಎನ್ನುವವರುಂಟು. ಆದರೆ ಪೀಪಾಯಿಯ ಎಳೆ ವೈನನ್ನು ಅಳೆಯಲು ಆ ತೋಟ ಹಿಂದಿನ ವರ್ಷಗಳಲ್ಲಿ ಹೇಗೆ ಬೆಳೆದು ಬಂತು ಎಂಬ ನೆನಪೂ ಬೇಕಾಗುತ್ತದೆ. ಹಾಗಾಗಿ ಅನುಭವಸ್ಥರು ಬಹುಪಾಲು ಹೆಸರು ನೋಡಿಯೇ ಬರೆಯುತ್ತಾರೆ. ಓದುವವರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಕೆಲಸದ ಕ್ರಮ ಹೀಗೆ. ಗ್ಲಾಸಿಗೆ ಸುಮಾರು 30 ಮಿಲಿ. ಬಣ್ಣಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. 2022ರಲ್ಲಿ ಎಲ್ಲವೂ ಶಾಯಿ ಬಣ್ಣವೇ. ಮೂಗು ಎರಡು ಸಲ, ಒಮ್ಮೆ ಅಲ್ಲಾಡಿಸದೆ, ಒಮ್ಮೆ ಅಲ್ಲಾಡಿಸಿ. ಬಾಯಲ್ಲಿ ಹತ್ತು ಸೆಕೆಂಡು ಆಡಿಸಿ ಉಗುಳುವುದು. ನುಂಗಿದರೆ ಹನ್ನೊಂದು ಗಂಟೆಯೊಳಗೆ ದಿನ ಮುಗಿದಂತೆ. ಉಗುಳಿದ ಮೇಲೆ ಅರ್ಧ ನಿಮಿಷ ಸುಮ್ಮನಿದ್ದು, ಒಗರು ಎಲ್ಲಿ ಕೂತಿದೆ ಎಂದು ಗಮನಿಸಬೇಕು. ಈ ಒಗರಿಗೆ ಕಾರಣ ಟ್ಯಾನಿನ್. ಅಡಿಕೆ ಬೇಯಿಸಿದ ಚೊಗರಿನಲ್ಲಿರುವುದೂ ಇದೇ ಜಾತಿಯದು. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುವಿಕೆಯನ್ನು ಕಸಿಯುತ್ತದೆ. ನಾಲಿಗೆಯ ಮೇಲೆ ನಯವಾಗಿ ಹರಡಿ ನಿಧಾನ ಕರಗಿದರೆ ಹಣ್ಣಾದ ಒಗರು. ವಸಡು, ಕೆನ್ನೆಯ ಒಳಭಾಗ ಒಣಗಿ ಬಿಗಿದು, ಹಣ್ಣಿನ ರುಚಿ ಹೋದ ಮೇಲೂ ಬಿಗಿತ ಉಳಿದರೆ ಬಳ್ಳಿ ಬಾಯಾರಿತ್ತು, ಇಲ್ಲವೇ ವೈನ್ ಮಾಡಿದವರು ಸಿಪ್ಪೆ ಬೀಜಗಳಿಂದ ಅತಿಯಾಗಿ ಹಿಂಡಿದರು ಎಂದರ್ಥ. 2022ರ ಟಿಪ್ಪಣಿಗಳಲ್ಲಿ ಹುಡುಕಬೇಕಾದ್ದು ಈ ಒಂದು ಮಾತನ್ನೇ. ಚೆರ್ರಿ, ಬ್ಲ್ಯಾಕ್‌ಕರಂಟ್, ನೇರಳೆ ಹೂವು ಎಂಬ ವರ್ಣನೆಗಳು ಎಲ್ಲರಲ್ಲೂ ಇರುತ್ತವೆ.

ಎಡವಟ್ಟಾಗುವುದು ಎಲ್ಲೆಲ್ಲಿ? ಮೊದಲನೆಯದು ಮಾದರಿ ಬಾಟಲಿ. ಪೀಪಾಯಿಯಿಂದ ತೆಗೆದ ವೈನಿಗೆ ಬಾಟಲಿಯ ವೈನಿಗಿರುವ ರಕ್ಷಣೆ ಇರುವುದಿಲ್ಲ. ಬೆಳಿಗ್ಗೆ ತೆಗೆದದ್ದು ಮರುದಿನಕ್ಕೆ ಸಪ್ಪೆಯಾಗಬಹುದು. ಎರಡನೆಯದು ಕೋಣೆಯ ಶಾಖ. ವೈನ್ 16ರಿಂದ 18 ಡಿಗ್ರಿಯಲ್ಲಿರಬೇಕು. ಜನ ತುಂಬಿದ ಸಭಾಂಗಣದಲ್ಲಿ 23ಕ್ಕೇರಿದರೆ ಶೇ. 14.5ರ ಆಲ್ಕೋಹಾಲ್ ಮೂಗಿಗೆ ರಾಚುತ್ತದೆ, ಬಿಸಿ ವರ್ಷದ ವೈನ್ ಇನ್ನೂ ಬಿಸಿಯಾಗಿ ಕಾಣುತ್ತದೆ. ಮೂರನೆಯದು ಮಿಶ್ರಣ. ಕ್ಯಾಬರ್ನೆ ಸೋವಿನ್ಯೋನ್, ಮೆರ್ಲೋ, ಕ್ಯಾಬರ್ನೆ ಫ್ರಾಂ ಎಂಬ ದ್ರಾಕ್ಷಿ ತಳಿಗಳ ವೈನ್ ಬೇರೆಬೇರೆ ಪೀಪಾಯಿಗಳಲ್ಲಿದ್ದು, ಹಿಂಡಿದ ಸಿಪ್ಪೆಯ ವೈನನ್ನು ಇನ್ನೂ ಸೇರಿಸಿರದಿದ್ದರೆ, ಗ್ಲಾಸಿನಲ್ಲಿರುವುದು ಅಂದಾಜು ಮಾತ್ರ. ನಾಲ್ಕನೆಯದು ನಾಲಿಗೆ. ಎಂಬತ್ತು ವೈನ್ ಆದ ಮೇಲೆ ಒಗರು ಕೂಡುತ್ತ ಹೋಗಿ, ಕೊನೆಗೆ ಬಂದದ್ದಕ್ಕೆ ಅನ್ಯಾಯವಾಗುತ್ತದೆ. ಒಣ ಬ್ರೆಡ್, ನೀರು, ಹದಿನೈದು ನಿಮಿಷ ಬಿಡುವು ಬಿಟ್ಟರೆ ಇದಕ್ಕೆ ಮದ್ದಿಲ್ಲ. ಚೀಸ್ ತಿಂದರೆ ಕೊಬ್ಬು ಒಗರನ್ನು ಮರೆಸಿ ಎಲ್ಲ ವೈನನ್ನೂ ಒಳ್ಳೆಯದಾಗಿಸುತ್ತದೆ. ಮಾರುವವರು ಚೀಸ್ ಇಡುವುದು ಸುಮ್ಮನೆ ಅಲ್ಲ.

ಅಂಕದ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. 100ರ ಅಳತೆ ಜನಪ್ರಿಯವಾದದ್ದು ಅಮೆರಿಕದ ರಾಬರ್ಟ್ ಪಾರ್ಕರ್ ಅವರಿಂದ. 1982ರ ಬೋರ್ಡೋವನ್ನು ಮೊದಲಿಗೇ ಎತ್ತಿ ಹಿಡಿದದ್ದು ಅವರಿಗೆ ಹೆಸರು ತಂದಿತು. ಆ ಅಳತೆ ಶುರುವಾಗುವುದೇ 50ರಿಂದ, ಬಳಕೆಯಲ್ಲಿರುವುದು 85ರಿಂದ ಮೇಲೆ. ಪಾರ್ಕರ್ ಕಟ್ಟಿದ ವೈನ್ ಅಡ್ವೊಕೇಟ್ ಪತ್ರಿಕೆಗೆ ಈಗ ಬೋರ್ಡೋ ಬರೆಯುವವರು ವಿಲಿಯಂ ಕೆಲ್ಲಿ. ವಿನಸ್ ಎಂಬ ಇನ್ನೊಂದು ವಿಮರ್ಶೆ ತಾಣದಲ್ಲಿ ನೀಲ್ ಮಾರ್ಟಿನ್ ಮತ್ತು ಆಂಟೋನಿಯೊ ಗಲ್ಲೋನಿ. ಜೇನ್ ಆನ್ಸನ್ ಬೋರ್ಡೋದಲ್ಲೇ ನೆಲೆಸಿ ಬರೆಯುತ್ತಾರೆ. ಜಾನ್ಸಿಸ್ ರಾಬಿನ್ಸನ್ ಅವರದು 20ರ ಅಳತೆ. ಅಲ್ಲಿ 18 ಬಂದರೆ ದೊಡ್ಡ ಮಾತು. ಪೀಪಾಯಿಯ ಹಂತದಲ್ಲಿ ಹಲವರು 96-98 ಎಂದು ಅಂತರ ಇಟ್ಟು ಬರೆಯುತ್ತಾರೆ. ವ್ಯಾಪಾರಿಗಳ ಜಾಹೀರಾತಿಗೆ ಹೋಗುವುದು ಮೇಲಿನ ಅಂಕಿ. ಓದುಗರು ಕೆಳಗಿನದನ್ನು ಹಿಡಿದುಕೊಳ್ಳುವುದು ಕ್ಷೇಮ.

ಸಭಾಂಗಣದಲ್ಲಿ ಆ ವಾರ ಕೇಳಿಬರುತ್ತಿದ್ದದ್ದು ಒಂದೇ ಅಚ್ಚರಿ: ಇಷ್ಟು ಬಿಸಿಲಿನ ವರ್ಷ ಇಷ್ಟು ತಾಜಾ ಹೇಗಾಯಿತು? ಏಪ್ರಿಲ್ ಮೊದಲ ವಾರ ಹಿಮ ಬಿದ್ದರೂ 2021ರಷ್ಟು ಸುಡಲಿಲ್ಲ. ಮೇ ಬಿಸಿಯಾಗಿತ್ತು, ಹೂವು ಒಂದೇ ಸಮನೆ ಕಚ್ಚಿತು. ಜೂನ್‌ನಲ್ಲಿ ಸ್ವಲ್ಪ ಮಳೆ, ಜೊತೆಗೆ ಕೆಲವೆಡೆ ಆಲಿಕಲ್ಲು. ಆಮೇಲೆ ಜೂನ್, ಜುಲೈ, ಆಗಸ್ಟ್‌ನಲ್ಲಿ ಅಲೆ ಅಲೆಯಾಗಿ ಬಿಸಿಗಾಳಿ, 40 ಡಿಗ್ರಿ ಮುಟ್ಟಿದ ದಿನಗಳು. ಎಲ್ಲರಿಗೂ ನೆನಪಾದದ್ದು 2003. ಆದರೆ 2003ರಲ್ಲಿ ಕೊಬ್ಬಿ ಬೆಳೆದಿದ್ದ ಬಳ್ಳಿಗೆ ಆಗಸ್ಟ್‌ನಲ್ಲಿ ಒಮ್ಮೆಲೇ ಬೆಂಕಿ ಬಿದ್ದಿತ್ತು. 2022ರಲ್ಲಿ ಬರ ಮೊದಲಿನಿಂದಲೂ ಇದ್ದುದರಿಂದ ಬಳ್ಳಿ ಎಲೆಗಳನ್ನು ಕಡಿಮೆ ಬಿಟ್ಟಿತು, ಕಾಯಿಯನ್ನು ಸಣ್ಣದಾಗಿ ಕಟ್ಟಿತು. ಇದ್ದ ನೀರಿನಲ್ಲೇ ಸಂಸಾರ ಮಾಡುವುದನ್ನು ಮೇ ತಿಂಗಳಲ್ಲೇ ಕಲಿತುಕೊಂಡಿತ್ತು.

ಎರಡನೆಯ ದಿನ: ಪೆಸ್ಸಾಕ್-ಲೆಯೋನ್ಯಾಂ

ಈ ಸೀಮೆಯ ಓ-ಬ್ರಿಯೋನ್ ಶಾತೋಗೆ ಹೋಗಲು ಊರು ದಾಟಬೇಕಿಲ್ಲ. ನಗರವೇ ಬೆಳೆದು ತೋಟವನ್ನು ಸುತ್ತುವರಿದಿದೆ. ತೋಟಗಳಿಗೆ ದರ್ಜೆ ಕಟ್ಟಿದ 1855ರ ವರ್ಗೀಕರಣದಲ್ಲಿ, ನಗರದ ಉತ್ತರಕ್ಕಿರುವ ಮೆದೋಕ್ ಸೀಮೆಯ ಹೊರಗಿನಿಂದ ಸೇರಿದ ಒಂದೇ ಕೆಂಪು ವೈನ್ ಇದು. ಸುತ್ತಲ ಕಟ್ಟಡಗಳ ಶಾಖದಿಂದ ಇಲ್ಲಿ ಕೊಯ್ಲು ಬೇರೆಡೆಗಿಂತ ಮುಂಚೆ ಶುರುವಾಗುತ್ತದೆ. 2022ರಲ್ಲಂತೂ ಈ ಸೀಮೆಯ ಬಿಳಿ ದ್ರಾಕ್ಷಿ ಆಗಸ್ಟ್ ಮಧ್ಯಕ್ಕೇ ಬುಟ್ಟಿ ಸೇರಿತು. ರಸ್ತೆಯಾಚೆ ಲಾ ಮಿಸ್ಯೋಂ ಓ-ಬ್ರಿಯೋನ್. ಎರಡರಲ್ಲೂ ನೊರಜುಗಲ್ಲಿನ ಕೆಳಗೆ ಜೇಡಿ ಇರುವುದರಿಂದ ಬರದ ಪೆಟ್ಟು ಕಾಣಲಿಲ್ಲ.

ಇಲ್ಲಿ ವಿಮರ್ಶಕರ ಮೂಗು ಹುಡುಕಿದ್ದು ಹೊಗೆಯನ್ನು. 2022ರ ಜುಲೈನಲ್ಲಿ ಲಾಂದಿರಾಸ್ ಮತ್ತು ಲಾ ತೆಸ್ತ್-ದ-ಬ್ಯೂಶ್‌ನ ಪೈನ್ ಕಾಡುಗಳಿಗೆ ಬೆಂಕಿ ಬಿದ್ದು, ಬೋರ್ಡೋ ಇರುವ ಜಿರೋಂದ್ ಜಿಲ್ಲೆಯಲ್ಲಿ 20,000 ಹೆಕ್ಟೇರ್‌ಗೂ ಹೆಚ್ಚು ಸುಟ್ಟಿತ್ತು. ಹೊಗೆಯ ಗ್ವಾಯಕಾಲ್ ಮೊದಲಾದ ಅಂಶಗಳು ಕಾಯಿಯಲ್ಲಿ ಸಕ್ಕರೆಯೊಂದಿಗೆ ಬೆಸೆದು ಅಡಗಿ ಕೂತು, ಹುದುಗುವಾಗ ಇಲ್ಲವೇ ಕುಡಿದ ಮೇಲೆ ಬಾಯಲ್ಲೇ ಬಿಡುಗಡೆಯಾಗುತ್ತವೆ. ಬೂದಿ ನೆಕ್ಕಿದ ರುಚಿ. ಕಾಯಿ ಬಣ್ಣ ತಿರುಗಿದ ಮೇಲೆ ಹೊಗೆ ಬಡಿದರೆ ಅಪಾಯ ಹೆಚ್ಚು. ಗೊಂದಲವೇನೆಂದರೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಿಂದಲೂ ಗ್ವಾಯಕಾಲ್ ಬರುತ್ತದೆ. ಪೀಪಾಯಿಯದಾದರೆ ವಾಸನೆ ಮೊದಲು ಬಂದು ಗಾಳಿಗೆ ತಗ್ಗುತ್ತದೆ. ಕಾಡಿನದಾದರೆ ಉಗುಳಿದ ಮೇಲೆ ನಾಲಿಗೆಯ ಹಿಂದೆ ಏರುತ್ತದೆ. ಹೆಸರಾಂತ ತೋಟಗಳ ವೈನ್‌ಗಳಲ್ಲಿ ಎರಡನೆಯದನ್ನು ಬಹುತೇಕ ಯಾರೂ ಬರೆಯಲಿಲ್ಲ.

ಮಧ್ಯಾಹ್ನಕ್ಕೆ ಲೆ ಕಾರ್ಮ್ ಓ-ಬ್ರಿಯೋನ್. ಫಿಲಿಪ್ ಸ್ಟಾರ್ಕ್ ರೂಪಿಸಿದ ವೈನ್ ಮನೆ ನೀರಿನ ನಡುವೆ ಹಡಗಿನ ಹಾಗೆ ನಿಂತಿದೆ. ನದಿಯ ಎಡದಂಡೆಯಲ್ಲಿ, ಅಂದರೆ ಪೆಸ್ಸಾಕ್ ಮತ್ತು ಮೆದೋಕ್ ಕಡೆ, ಅಪರೂಪವೆನಿಸುವಷ್ಟು ಕ್ಯಾಬರ್ನೆ ಫ್ರಾಂ, ಜೊತೆಗೆ ಗೊಂಚಲಿನ ತೊಟ್ಟು ಸಮೇತ ಹುದುಗಿಸುವ ಪದ್ಧತಿ. ತೊಟ್ಟು ಸ್ವಲ್ಪ ಆಲ್ಕೋಹಾಲ್ ಹೀರುತ್ತದೆ, ಹಸಿರು ಘಮ ಕೊಡುತ್ತದೆ. ತೊಟ್ಟು ಬಲಿಯದ ವರ್ಷ ಇದೇ ಉಪಾಯ ಕಹಿಯಾಗುತ್ತದೆ. 2022 ಅದಕ್ಕೆ ಹೇಳಿ ಮಾಡಿಸಿದ ವರ್ಷ.

ಮೂರನೆಯ ದಿನ: ಮಾರ್ಗೋ, ಸ್ಯಾಂ-ಜೂಲಿಯಾಂ

ಬೋರ್ಡೋದಿಂದ ಉತ್ತರಕ್ಕೆ ಡಿ2 ರಸ್ತೆ. ಬಲಗಡೆ ಜಿರೋಂದ್ ನದೀಮುಖ ಆಗಾಗ ಇಣುಕುತ್ತದೆ, ಎಡಗಡೆ ಬಳ್ಳಿಗಳ ಸಾಲು. ದಿಬ್ಬ ಎಂದು ಇವರು ಕರೆಯುವುದು ನಮ್ಮ ಕಣ್ಣಿಗೆ ಗದ್ದೆಯ ಬದುವಿಗಿಂತ ಸ್ವಲ್ಪ ಎತ್ತರ, ಅಷ್ಟೆ. ಆದರೆ ಆ ನಾಲ್ಕಾರು ಮೀಟರ್ ನೊರಜುಗಲ್ಲಿನ ಆಳವೇ ಇಲ್ಲಿ ಜಾತಕ. ಮಳೆ ವರ್ಷದಲ್ಲಿ ನೀರು ಬಸಿದು ಬೇರು ಕೊಳೆಯದಂತೆ ಕಾಯುವ ಕಲ್ಲು, ಬರದ ವರ್ಷದಲ್ಲಿ ಎಳೆ ಬಳ್ಳಿಯನ್ನು ಕೈಬಿಡುತ್ತದೆ.

ಮಾರ್ಗೋ ಹೆಸರಿನಲ್ಲಿ ವೈನ್ ಮಾಡುವ ಹಕ್ಕು ಐದು ಊರುಗಳಿಗಿದೆ, ಮಣ್ಣೂ ಅಷ್ಟೇ ಚದುರಿದೆ. ಹಾಗಾಗಿ 2022ರ ಏರುಪೇರು ಮೆದೋಕ್‌ನಲ್ಲಿ ಇಲ್ಲಿ ಎದ್ದು ಕಾಣುತ್ತದೆ. ಶಾತೋ ಮಾರ್ಗೋ, ಪಾಮೇರ್ ಎರಡಕ್ಕೂ ಹೊಗಳಿಕೆಯ ಸುರಿಮಳೆ. ಅದೇ ಹೆಸರಿನಡಿಯ ಕೆಲವು ಸಣ್ಣ ತೋಟಗಳ ಟಿಪ್ಪಣಿಯಲ್ಲಿ "ಕೊನೆಗೆ ಒಣಗುತ್ತದೆ" ಎಂಬ ಮಾತು. ಕಾರಣ ಸರಳ. ನೀರು ಸಾಲದಾದಾಗ ಬಳ್ಳಿ ಎಲೆಯ ರಂಧ್ರ ಮುಚ್ಚಿಕೊಂಡು ಆಹಾರ ತಯಾರಿಸುವುದನ್ನು ನಿಲ್ಲಿಸುತ್ತದೆ, ಹಣ್ಣಾಗುವುದೂ ನಿಲ್ಲುತ್ತದೆ. ಕಾಯಿ ಬಾಡಿ ನೀರಿಳಿದು ಸಕ್ಕರೆ ಏರುತ್ತದೆ, ಸಿಪ್ಪೆ ಬೀಜ ಮಾತ್ರ ಹಿಂದೆ ಉಳಿಯುತ್ತವೆ. ಸಕ್ಕರೆಯ ಮಾಪಕ ನೋಡಿ ಕೊಯ್ದವರು ಅಲ್ಲೇ ಮೋಸ ಹೋದರು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಶೇ. 1ರಷ್ಟು ಆಲ್ಕೋಹಾಲ್ ಆಗುತ್ತದೆ. 250 ಗ್ರಾಂ ಇದ್ದರೆ ಶೇ. 14.7. ಮಾಪಕ ಇಷ್ಟನ್ನು ಹೇಳೀತು. ಬೀಜ ಕಂದು ಬಣ್ಣಕ್ಕೆ ತಿರುಗಿದೆಯೇ, ಕಡಿದರೆ ಗರಿಗರಿಯೇ ಎನ್ನುವುದಕ್ಕೆ ಹಲ್ಲೇ ಬೇಕು.

ಸ್ಯಾಂ-ಜೂಲಿಯಾಂ ಸಣ್ಣ ಸೀಮೆ, ಬಹುಮಟ್ಟಿಗೆ ಒಂದೇ ಬಗೆಯ ನೆಲ. ಲೆಯೋವಿಲ್ ಹೆಸರಿನ ಮೂರು ತೋಟಗಳು, ನದಿಯ ಕಡೆಗೆ ಮುಖ ಮಾಡಿದ ದ್ಯೂಕ್ರು-ಬೊಕಾಯು. ಕಣ್ಣು ಮುಚ್ಚಿ ಕೊಳ್ಳಬಹುದಾದ ಊರು ಎಂದರೆ 2022ರಲ್ಲಿ ಇದೇ. ಲಾಸ್ ಕಾಸ್ ಗಡುಸು, ಪ್ವಾಫೆರೆ ರಸಭರಿತ, ಬಾರ್ತೋಂ ಹದವಾದ್ದು. ಬಾರ್ತೋಂ ಬೆಲೆಯಲ್ಲೂ ಉಳಿದೆರಡಕ್ಕಿಂತ ಮರ್ಯಾದಸ್ಥ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಊರಿನ ಋಣವಿದೆ. 1880ರ ದಶಕದಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಪಿಯೆರ್ ಮಿಲಾರ್ದೆ ಸ್ಯಾಂ-ಜೂಲಿಯಾಂನ ದಾರಿ ಬದಿಯ ಬಳ್ಳಿಗಳಲ್ಲಿ ಮಾತ್ರ ಬೂಷ್ಟು ರೋಗಕ್ಕೆ ಎಲೆ ಉದುರದಿರುವುದನ್ನು ಕಂಡರು. ಕಳ್ಳರು ಹಣ್ಣು ಕೀಳದಂತೆ ಅವಕ್ಕೆ ಸುಣ್ಣ ಮತ್ತು ಮೈಲುತುತ್ತ ಎರಚಿದ್ದರು. ಬೊಕಾಯು ತೋಟದಲ್ಲೂ ಅಲ್ಲಿನ ಮೇಲ್ವಿಚಾರಕ ಎರ್ನೆಸ್ತ್ ದಾವಿದ್ ಅವರೊಂದಿಗೆ ನಡೆದ ಪ್ರಯೋಗಗಳಿಂದ ಹುಟ್ಟಿದ್ದೇ ಬೋರ್ಡೋ ದ್ರಾವಣ, ಪ್ರಕಟವಾದದ್ದು 1885ರಲ್ಲಿ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ತಂದರು. ಇಂದಿಗೂ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು. ಬೋರ್ಡೋದಲ್ಲಿ ಈಗ ತಾಮ್ರಕ್ಕೆ ಮಿತಿ ಇದೆ, ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ. 2021ರಲ್ಲಿ ಬೂಷ್ಟಿನ ಕಾಟಕ್ಕೆ ಸಿಂಪಡಿಸಿ ಸುಸ್ತಾದ ತೋಟಗಳಿಗೆ 2022ರಲ್ಲಿ ಕೊಳವೆ ಮುಟ್ಟುವ ಕೆಲಸವೇ ಕಡಿಮೆ. ಕಾಯಿ ಅಷ್ಟು ಶುಚಿಯಾಗಿ ಬಂದದ್ದು ಇದರಿಂದ.

ನಾಲ್ಕನೆಯ ದಿನ: ಪೊಯಾಕ್, ಸ್ಯಾಂತೆಸ್ತೆಫ್

ನಗರದಿಂದ ಪೊಯಾಕ್‌ಗೆ ಸುಮಾರು 50 ಕಿಲೋಮೀಟರ್. ಡಿ2ರಲ್ಲಿ ಟ್ರ್ಯಾಕ್ಟರ್ ಸಿಕ್ಕರೆ ಒಂದೂವರೆ ಗಂಟೆ. 1855ರ ಪಟ್ಟಿಯ ಮೊದಲ ದರ್ಜೆಯ ತೋಟಗಳು ನಗರದ ಸಭಾಂಗಣಕ್ಕೆ ಮಾದರಿ ಕಳಿಸುವುದಿಲ್ಲ. ಮೊದಲೇ ಸಮಯ ಗೊತ್ತುಮಾಡಿಕೊಂಡು ಅಲ್ಲಿಗೇ ಹೋಗಬೇಕು, ಅವರ ಕೋಣೆಯಲ್ಲಿ ಅವರ ಗ್ಲಾಸಿನಲ್ಲೇ ನೋಡಬೇಕು. ಲಾತೂರ್ 2012ರಲ್ಲಿ ಈ ಮುಂಗಡ ಮಾರಾಟದಿಂದಲೇ ಹೊರನಡೆಯಿತು. ಕುಡಿಯಲು ಸಿದ್ಧವೆನಿಸಿದಾಗ ಬಾಟಲಿಯನ್ನೇ ಬಿಡುತ್ತಾರೆ.

ಇದು ಕ್ಯಾಬರ್ನೆ ಸೋವಿನ್ಯೋನ್‌ನ ರಾಜ್ಯ. ಮೂತೋ, ಲಾಫಿತ್‌ಗಳ 2022ರಲ್ಲಿ ಅದರ ಪಾಲು ಶೇ. 90ರ ಆಸುಪಾಸು. ಕಾಯಿಯ ತೂಕ ಎಷ್ಟೋ ಕಡೆ ಒಂದು ಗ್ರಾಮಿನ ಸುತ್ತಮುತ್ತ ನಿಂತಿತ್ತು, ಎಂದಿಗಿಂತ ಬಹಳ ಕಡಿಮೆ. ರಸ ಕಡಿಮೆ, ಸಿಪ್ಪೆ ಹೆಚ್ಚು. ಹೆಕ್ಟೇರಿಗೆ 30-35 ಹೆಕ್ಟೋಲೀಟರ್ (ಒಂದಕ್ಕೆ 100 ಲೀಟರ್) ಸಿಕ್ಕರೆ ಪುಣ್ಯ. ಟ್ಯಾನಿನ್ ಇಷ್ಟಿರುವಾಗ ವೈನ್ ಮಾಡುವವರ ಜಾಣತನ ಇರುವುದು ಕೈ ಹಿಂದೆಗೆಯುವುದರಲ್ಲಿ. ಬಹುಪಾಲು ಮನೆಗಳು ಹುದುಗುವ ಶಾಖವನ್ನು 28-30 ಡಿಗ್ರಿಯಿಂದ 25-26ಕ್ಕೆ ಇಳಿಸಿದವು. ತೊಟ್ಟಿಯ ತಳದಿಂದ ರಸ ಎತ್ತಿ ಮೇಲಿನ ಸಿಪ್ಪೆಗೆ ಸುರಿಯುವ ಕೆಲಸವನ್ನು ದಿನಕ್ಕೆ ಮೂರು ಬಾರಿಯ ಬದಲು ಒಂದಕ್ಕೋ, ಸಿಪ್ಪೆ ನೆನೆಸುವಷ್ಟಕ್ಕೋ ತಗ್ಗಿಸಿದವು. ಆಲ್ಕೋಹಾಲ್ ಏರಿದ ಮೇಲೆ ಬೀಜದ ಕಹಿ ಬೇಗ ಇಳಿಯುವುದರಿಂದ, ಹಿಂಡುವುದೇನಿದ್ದರೂ ಮೊದಲ ಮೂರ್ನಾಲ್ಕು ದಿನ. ಇಪ್ಪತ್ತು ವರ್ಷ ಹಿಂದಿನ ರೂಢಿಯಲ್ಲೇ ಮುಂದುವರಿದಿದ್ದರೆ 2022 ಬಾಯಿ ಒಣಗಿಸುವ ವರ್ಷವಾಗಿಬಿಡುತ್ತಿತ್ತು. ಪಾರ್ಕರ್ ಕಾಲದಲ್ಲಿ ಕಪ್ಪು, ದಪ್ಪ ವೈನಿಗೆ ಅಂಕ ಸಿಗುತ್ತಿತ್ತು. ಈಗಿನ ವಿಮರ್ಶಕರು ನಯಕ್ಕೆ ಅಂಕ ಕೊಡುತ್ತಾರೆ. ತೊಟ್ಟಿಯ ಬಳಿ ನಿಂತವರಿಗೆ ಇದು ಗೊತ್ತು.

ಹುಳಿಯ ಮಾತು ಸ್ವಲ್ಪ ತೊಡಕಿನದು. ಬಿಸಿಲು ಮ್ಯಾಲಿಕ್ ಆಮ್ಲವನ್ನು ಸುಡುತ್ತದೆ, ಟಾರ್ಟಾರಿಕ್ ಉಳಿಯುತ್ತದೆ. ಹಲವು ವೈನ್‌ಗಳ ಪಿಎಚ್ 3.7-3.8 (ಪಿಎಚ್ ಏರಿದಷ್ಟೂ ಹುಳಿ ಕಡಿಮೆ), ಕಾಗದದ ಮೇಲೆ ನೋಡಿದರೆ ಸಪ್ಪೆಯಾಗಬೇಕಿತ್ತು. ಆದರೂ "ತಾಜಾ" ಎಂಬ ಪದ ಬರೆಯದವರಿಲ್ಲ. ಆ ತಾಜಾತನದ ಬಹುಭಾಗ ಹುಳಿಯದಲ್ಲ, ನಯವಾದ ಒಗರಿನದು. ಜೊತೆಗೆ ಜಾಮ್ ಆಗದೆ ಉಳಿದ ಹಣ್ಣಿನ ಘಮದ್ದು. ಇಲ್ಲೊಂದು ಎಚ್ಚರಿಕೆ ಬೇಕು. ಪಿಎಚ್ ಏರಿದಷ್ಟೂ, ವೈನ್ ಕೆಡದಂತೆ ಸೇರಿಸುವ ಸಲ್ಫೈಟಿನ ಕಾವಲು ಸಡಿಲ. ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಪೀಪಾಯಿಯಲ್ಲಿ ಮನೆ ಮಾಡಿದರೆ ಕುದುರೆ ಲಾಯದ ವಾಸನೆ. ಏಪ್ರಿಲ್‌ನಲ್ಲಿ ಅದು ಕಾಣುವುದಿಲ್ಲ. ಅಗ್ಗದ ವೈನ್‌ಗಳಿಗೆ ಪೀಪಾಯಿಯ ಅಂಕ ನಂಬಬಾರದು ಎನ್ನುವುದಕ್ಕೆ ದೊಡ್ಡ ಕಾರಣ ಇದು.

ಲಾಫಿತ್ ದಾಟಿದರೆ ಒಂದು ಸಣ್ಣ ತೊರೆ. ಆಚೆ ದಡದ ಏರಿನಲ್ಲಿ ಕಾಸ್ ದೆಸ್ತೂರ್ನೆಲ್‌ನ ಪಗೋಡ ಗೋಪುರಗಳು. ಇದನ್ನು ಕಟ್ಟಿದ ಲೂಯಿ-ಗಾಸ್ಪಾರ್ ದೆಸ್ತೂರ್ನೆಲ್ 19ನೆಯ ಶತಮಾನದಲ್ಲಿ ಭಾರತಕ್ಕೆ ವೈನ್ ಕಳಿಸುತ್ತಿದ್ದ ವ್ಯಾಪಾರಿ. ತೊರೆಯಾಚೆ ಮಣ್ಣು ಬದಲಾಗುತ್ತದೆ, ಜೇಡಿ ಹೆಚ್ಚು. ತಂಪು ವರ್ಷಗಳಲ್ಲಿ ಸ್ಯಾಂತೆಸ್ತೆಫ್ ವೈನ್ ಒರಟು ಎಂದು ಮೂಗು ಮುರಿಯುವುದು ಇದೇ ಜೇಡಿಯಿಂದ. ಬರ ಬಂದಾಗ ಅದೇ ವರ. 2003ರಲ್ಲಿ ಮೋಂತ್ರೋಸ್ ಗೆದ್ದದ್ದು ಹೀಗೆ, 2022ರಲ್ಲಿ ಮತ್ತೆ ಗೆದ್ದಿತು. ನದಿಗೆ ಅಂಟಿಕೊಂಡಂತಿರುವ ತೋಟ. ನೀರಿನ ಮೇಲಿಂದ ಬರುವ ಗಾಳಿ ರಾತ್ರಿಯ ಶಾಖ ಇಳಿಸುತ್ತದೆ, ನೊರಜುಗಲ್ಲಿನ ಕೆಳಗಿನ ಜೇಡಿ ಆಗಸ್ಟ್‌ನಲ್ಲೂ ಒದ್ದೆ. ಎಡದಂಡೆಯಲ್ಲಿ ವರ್ಷದ ವೈನ್ ಯಾವುದು ಎಂಬ ಚರ್ಚೆಯಲ್ಲಿ ಅದರ ಹೆಸರು ತಪ್ಪದೆ ಬಂತು. ಮೊದಲ ದರ್ಜೆಯವುಗಳ ಬೆಲೆ ನೋಡಿದರೆ ಮೋಂತ್ರೋಸ್ ಮುಂದಿಡುವುದೇ ವಿವೇಕ.

ಐದನೆಯ ದಿನ: ಸ್ಯಾಂತೆಮಿಲ್ಯೋಂ, ಪೊಮ್‌ರೋಲ್

ನದಿಗಳ ಬಲದಂಡೆಗೆ ಸುಮಾರು 40 ಕಿಲೋಮೀಟರ್, ರೈಲಿನಲ್ಲಿ ಹೋದರೆ ಅರ್ಧ ಗಂಟೆಯ ಮೇಲೆ ಸ್ವಲ್ಪ. ಇಲ್ಲಿ ಮೆರ್ಲೋ ಆಳ್ವಿಕೆ. ಮೆರ್ಲೋ ಬೇಗ ಹಣ್ಣಾಗುತ್ತದೆ, ಬೇಗ ಸಕ್ಕರೆ ಕಟ್ಟುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ಹಾಗಾಗಿ 2022ರ ಪರೀಕ್ಷೆ ನಡೆದದ್ದು ನಿಜವಾಗಿ ಇಲ್ಲೇ. ಶೇ. 15 ಆಲ್ಕೋಹಾಲ್ ಎಂದು ಚೀಟಿಯಲ್ಲಿ ಬರೆದದ್ದು ಅಪರೂಪವೇನಲ್ಲ.

ಸ್ಯಾಂತೆಮಿಲ್ಯೋಂ ಊರು ಕೂತಿರುವುದೇ ಸುಣ್ಣಕಲ್ಲಿನ ಹಾಸಿನ ಮೇಲೆ. ಓಜೋನ್, ಕಾನೋಂ, ಬೆಲೇರ್-ಮೋಂಜ್ ಎಲ್ಲ ಅದರ ಮೇಲೋ ಅಂಚಿನಲ್ಲೋ ಇವೆ. ಈ ಕಲ್ಲು ಸಣ್ಣ ಸಣ್ಣ ರಂಧ್ರಗಳದ್ದು. ಚಳಿಗಾಲದ ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಕೆಳಗಿನಿಂದ ಮೇಲಕ್ಕೆ ತೇವ ಏರಿಸುತ್ತದೆ. ಸುಣ್ಣಕಲ್ಲಿನ ವೈನ್‌ಗಳಲ್ಲಿ ಆಲ್ಕೋಹಾಲ್ 14.5 ಇದ್ದರೂ ನಾಲಿಗೆಯ ತುದಿಯಲ್ಲಿ ಉಪ್ಪಿನಂಥ ಚುರುಕು ಉಳಿಯುತ್ತದೆ. ಅದೇ ಊರಿನ ಹೆಸರಲ್ಲೇ ದೊರ್ದೋನ್ ನದಿಯ ಕಡೆಯ ಮರಳು ಬಯಲಿನಲ್ಲೂ ವೈನ್ ಆಗುತ್ತದೆ. ಅಲ್ಲಿನವು 2022ರಲ್ಲಿ ಒಣದ್ರಾಕ್ಷಿಯ ವಾಸನೆ, ಸುಡುವ ಗಂಟಲು, ಮೊಟಕಾದ ಕೊನೆ. ಚೀಟಿಯ ಮೇಲೆ ಇಬ್ಬರದೂ ಒಂದೇ ಊರು.

2022ರ ಸೆಪ್ಟೆಂಬರ್‌ನಲ್ಲಿ ಕೊಯ್ಲಿನ ಗಡಿಬಿಡಿಯಲ್ಲೇ ಇಲ್ಲಿನ ತೋಟಗಳ ಹೊಸ ವರ್ಗೀಕರಣವೂ ಹೊರಬಿತ್ತು. ಓಜೋನ್, ಶೆವಾಲ್ ಬ್ಲಾಂ, ಆಂಜೆಲ್ಯೂಸ್ ಮೂರೂ ಅದಕ್ಕೆ ಮೊದಲೇ ಹೊರನಡೆದಿದ್ದವು. ಫಿಜಾಕ್ ಮೇಲಿನ ಸಾಲಿಗೆ ಏರಿ ಪಾವಿಯ ಜೊತೆ ಕೂತಿತು. ಫಿಜಾಕ್‌ನದು ನೊರಜುಗಲ್ಲಿನ ನೆಲ, ಬಳ್ಳಿಯಲ್ಲಿ ಎರಡು ಕ್ಯಾಬರ್ನೆಗಳದೇ ಮೇಲುಗೈ. ಮೆರ್ಲೋ ಬೆಂದ ವರ್ಷದಲ್ಲಿ ಕ್ಯಾಬರ್ನೆ ಕೈಹಿಡಿಯಿತು. ಏರಿದ ವರ್ಷವೇ ಇಂಥ ವೈನ್ ಮಾಡಿದ್ದಕ್ಕೆ ವಿಮರ್ಶಕರು ಚಪ್ಪಾಳೆ ತಟ್ಟಿದರು, ತೋಟದವರು ಬೆಲೆಯನ್ನೂ ಏರಿಸಿದರು.

ಪೊಮ್‌ರೋಲ್‌ನಲ್ಲಿ ಊರೆಂಬುದೇ ಇಲ್ಲ, ಒಂದು ಚರ್ಚು ಮತ್ತು ತೋಟಗಳು. ಪೆತ್ರ್ಯೂಸ್ ಇರುವ ನೀಲಿ ಜೇಡಿಯ ಗುಡ್ಡೆ ನೀರು ಕುಡಿದರೆ ಉಬ್ಬುತ್ತದೆ, ಬಳ್ಳಿಗೆ ಹನಿ ಹನಿಯಾಗಿ ಬಿಡುತ್ತದೆ. ಹನ್ನೊಂದೂವರೆ ಹೆಕ್ಟೇರ್, ಬರೀ ಮೆರ್ಲೋ. ಪಕ್ಕದ ವಿಯು ಶಾತೋ ಸರ್ತಾಂ, ಲಾಫ್ಲರ್, ಲಾ ಕೋಂಸೆಯಾಂತ್‌ಗಳ ಟಿಪ್ಪಣಿಗಳಲ್ಲಿ ಆ ವಾರ ಉತ್ಸಾಹ ಉಕ್ಕಿದೆ. ಅಂಚಿನ ಮರಳು, ತೆಳು ಕಲ್ಲಿನ ತೋಟಗಳಲ್ಲಿ ಬಳ್ಳಿ ಸೊರಗಿ, ಎಂದೂ ಕೊಡದ ನೀರಾವರಿ ಅನುಮತಿಯನ್ನು ಪೊಮ್‌ರೋಲ್‌ಗೆ ಆ ಬೇಸಿಗೆ ಕೊಡಬೇಕಾಯಿತು. ನಿಯಮದ ಪ್ರಕಾರ ಬೆಳೆ ನಿಂತ ಬಳ್ಳಿಗೆ ಮೇ 1ರಿಂದ ಕೊಯ್ಲಿನವರೆಗೆ ನೀರು ಹಾಯಿಸುವಂತಿಲ್ಲ. ಆ ಕಟ್ಟಳೆ ಈಗಿನ ಬಿಸಿಲಿಗೆ ಹೊಂದುವುದಿಲ್ಲವೆಂದು ಲಾಫ್ಲರ್‌ನ ಗಿನೊದೋ ಕುಟುಂಬ 2025ರ ಕೊಯ್ಲಿನಿಂದ ಪೊಮ್‌ರೋಲ್ ಹೆಸರನ್ನೇ ಬಿಟ್ಟು, ಬರೀ ಫ್ರಾನ್ಸ್‌ನ ವೈನ್ ಎಂದು ಮಾರಲು ನಿರ್ಧರಿಸಿತು.

ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟಕ್ಕೆ 1990ರ ದಶಕದಿಂದ ಸಲಹೆ ಕೊಟ್ಟ ಮಿಶೆಲ್ ರೋಲಾಂ ಬೆಳೆದದ್ದು ಪೊಮ್‌ರೋಲ್‌ನ ಲೆ ಬೋಂ ಪಾಸ್ತರ್ ಮನೆಯಲ್ಲಿ. ನಂದಿಯಲ್ಲಿ ಮಳೆಗಾಲ ಮುಗಿದ ಮೇಲೆ ಸವರಿ, ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಯುತ್ತಾರೆ. ಕಾಯಿ ಮಾಗುವ ಹೊತ್ತಿಗೆ ಬಿಸಿಲೇರುತ್ತದೆ, ಸಕ್ಕರೆ ಓಡುತ್ತದೆ, ಹುಳಿ ಇಳಿಯುತ್ತದೆ. ಬೋರ್ಡೋಗೆ 2022ರಲ್ಲಿ ಬಂದೊದಗಿದ ಲೆಕ್ಕವನ್ನು ನಂದಿಯವರು ಪ್ರತಿ ವರ್ಷ ಮಾಡುತ್ತಾರೆ, ಕೈಯಲ್ಲಿ ಹನಿ ನೀರಾವರಿ ಇಟ್ಟುಕೊಂಡು.

ಹೊರಡುವ ಬೆಳಿಗ್ಗೆ: ಶಾರ್ತ್ರೋಂ ದಂಡೆ

ಗರೋನ್ ದಂಡೆಯ ಶಾರ್ತ್ರೋಂ ಹಿಂದಿನಿಂದ ಸಗಟು ವ್ಯಾಪಾರಿಗಳ ಬೀದಿ. ತೋಟದವರು ಕುಡಿಯುವವರಿಗೆ ನೇರ ಮಾರುವುದಿಲ್ಲ. ತೋಟಕ್ಕೂ ಸಗಟು ವ್ಯಾಪಾರಿಗೂ ನಡುವೆ ಶೇ. 2 ಪಡೆಯುವ ದಲ್ಲಾಳಿ, ಅಲ್ಲಿಂದ ಲಂಡನ್, ಹಾಂಗ್‌ಕಾಂಗ್. ಏಪ್ರಿಲ್‌ನ ಹೊಗಳಿಕೆ ಮೇ, ಜೂನ್‌ನಲ್ಲಿ ಬೆಲೆಯಾಗಿ ಹೊರಬಂತು: 2021ಕ್ಕಿಂತ ಸರಾಸರಿ ಐದನೇ ಒಂದು ಪಾಲು ಹೆಚ್ಚು. ಮುಂಗಡ ಕೊಟ್ಟವರಿಗೆ ಲಾಭವಾಗಲಿಲ್ಲ. ಮಾರುಕಟ್ಟೆ ಇಳಿಯಿತು, 2023ರ ವೈನನ್ನು ಬಹುತೇಕ ತೋಟಗಳು ದೊಡ್ಡ ಕಡಿತದಲ್ಲಿ ಬಿಡಬೇಕಾಯಿತು. ವಿಮರ್ಶಕರು ವೈನಿನ ವಿಷಯದಲ್ಲಿ ಸರಿಯಾಗಿದ್ದರು. ಎಷ್ಟು ದುಡ್ಡಿಗೆ ಎಂಬ ಪ್ರಶ್ನೆಗೆ ಅಂಕದಲ್ಲಿ ಜಾಗವಿಲ್ಲ.

2022 ಈಗ ಬಾಟಲಿಯಲ್ಲೇ ಸಿಗುವುದರಿಂದ ಮುಂಗಡದ ಜೂಜು ಬೇಕಿಲ್ಲ. ದೊಡ್ಡ ಹೆಸರಿನವನ್ನು 2032ರ ತನಕ ಮುಟ್ಟದಿರುವುದು ಲೇಸು. ಸಾಧಾರಣ ಬೆಲೆಯವನ್ನು ಈಗಲೇ ತೆರೆಯಬಹುದು. ಎರಡು ಗಂಟೆ ಮೊದಲು ಅಗಲ ಪಾತ್ರೆಗೆ ಸುರಿದು, 16 ಡಿಗ್ರಿಗೆ ತಂಪು ಮಾಡಿ. ಬೆಂಗಳೂರಿನ ಏಪ್ರಿಲ್ ಕೋಣೆಯ ಶಾಖದಲ್ಲಿ ಬಡಿಸಿದರೆ ಸುಡುವ ಸಾರಾಯಿ ಕುಡಿದಂತಾಗಿ, ಬೈಗುಳ ವಿಮರ್ಶಕರಿಗೆ ಬೀಳುತ್ತದೆ. ಪ್ರಯಾಣಿಕರು ಸುಂಕವಿಲ್ಲದೆ ಭಾರತಕ್ಕೆ ತರಬಹುದಾದ್ದು ಎರಡು ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ. ಒಂದು ಸ್ಯಾಂತೆಸ್ತೆಫ್‌ನ ಜೇಡಿಯದಿರಲಿ. ಇನ್ನೊಂದಕ್ಕೆ ಸ್ಯಾಂತೆಮಿಲ್ಯೋಂ ಹೆಸರಿಗೆ ದುಡ್ಡು ಸುರಿಯುವ ಬದಲು ಅದೇ ಸುಣ್ಣಕಲ್ಲು ಪೂರ್ವಕ್ಕೆ ಮುಂದುವರಿಯುವ ಕಾಸ್ತಿಯೋಂನದು ಕೇಳಿ. ಬೆಲೆ ಎಷ್ಟೋ ಕಡಿಮೆ. ಕೈಚೀಲದಲ್ಲಿ ಬಿಡುವುದಿಲ್ಲ, ಬಟ್ಟೆ ಸುತ್ತಿ ಪೆಟ್ಟಿಗೆಯ ನಡುಮಧ್ಯೆ ಇಡಬೇಕು, ಮನೆಗೆ ಬಂದ ಮೇಲೆ ಎರಡು ವಾರ ಅಲುಗಾಡಿಸದೆ ಬಿಡಬೇಕು.